ಹೊರಟು ಹೋಗುವವನ ಹೊಣೆ

"ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೆ?" ಎಂಬುದು ನಮ್ಮಲ್ಲಿ ಬಲು ಹಳೆಯ ಗಾದೆ. ಇಂದಲ್ಲ ನಾಳೆ ಸಿಕ್ಕೇ ಸಿಗುತ್ತಾರೆ, ಅವಸರವೇಕೆ ಎಂಬ ಅರ್ಥದಲ್ಲಿ ನಾವು ಅದನ್ನು ಬಳಸುತ್ತೇವೆ. ಆದರೆ ಈ ಗಾದೆಯೊಳಗೆ ಇನ್ನೊಂದು ಮಾತೂ ಅಡಗಿದೆ. ಊರಿಗೆ ಬಂದ ಮೇಲೆ ಊರಿನ ನೀರು ಬೇಕು. ನೀರು ಬೇಕೆಂದ ಮೇಲೆ ಕೆರೆಯ ಮೆಟ್ಟಿಲನ್ನು ಹೊಲಸು ಮಾಡದೆ ಬರುವ ಹೊಣೆಯೂ ಬಂದ ಹಾಗೆಯೆ ಅಲ್ಲವೆ? ಹಾಗಾದರೆ ನಾಳೆ ಬೆಳಗ್ಗೆಯೇ ಊರು ಬಿಡುವವಳಿಗೂ ಆ ಹೊಣೆ ಉಂಟೆ? ಉಂಟೆಂದರೆ ಅದು ಯಾರಿಗೆ ಸಲ್ಲಬೇಕಾದದ್ದು?

ಹೊರನಾಡಿನಲ್ಲಿ ಸಂಸಾರ ಹೂಡಿರುವ ನಮ್ಮಂಥವರಿಗೆ ಇದು ಬರಿಯ ತರ್ಕದ ಪ್ರಶ್ನೆಯಲ್ಲ. ಕಟ್ಟಡದ ಸಭೆಗೆ ಕರೆ ಬಂದರೆ "ನಾವೇನು ಇಲ್ಲಿಯವರೆ? ನಿವೃತ್ತಿಯಾದ ಮರುದಿನವೇ ಊರಿಗೆ ಹೊರಡುವವರು" ಎಂದು ನುಣುಚಿಕೊಳ್ಳುತ್ತೇವೆ. ರಜೆಯಲ್ಲಿ ಊರಿಗೆ ಹೋದಾಗ ಅಲ್ಲಿಯವರು ಯಾವುದಾದರೂ ಕೆಲಸಕ್ಕೆ ಕರೆದರೆ "ನಾವು ಹೊರಗೆ ಇರುವವರು, ನಮಗೇನು ತಿಳಿಯುತ್ತದೆ?" ಎನ್ನುತ್ತೇವೆ. ಎರಡು ಊರು ಇದ್ದವನಿಗೆ ಎರಡರಷ್ಟು ಹೊಣೆ ಇರಬೇಕಾಗಿತ್ತು. ಲೆಕ್ಕ ಹಾಕಿ ನೋಡಿದರೆ ಸೊನ್ನೆ ಬರುತ್ತಿದೆ.

ಈ ಪ್ರಶ್ನೆಯನ್ನು ನೇರವಾಗಿ ನಮ್ಮ ಮೇಲೆಯೇ ಇಟ್ಟುಕೊಂಡರೆ ಸಮರ್ಥನೆಗಳು ಮುಗಿಯುವುದಿಲ್ಲ: ಭಾಷೆ ಬಾರದು, ಸಮಯವಿಲ್ಲ, ವರ್ಗವಾಗುತ್ತದೆ. ಪ್ರಯೋಗಶಾಲೆಯಲ್ಲಿ ಒಂದು ಗುಣವನ್ನು ಅಳೆಯಬೇಕಾದರೆ ಅದು ಎಲ್ಲಿ ಅತಿ ಶುದ್ಧವಾಗಿ ದೊರೆಯುತ್ತದೆಯೋ ಆ ವಸ್ತುವನ್ನು ತೆಗೆದುಕೊಳ್ಳುತ್ತೇವೆ. ಹಾಗೆಯೆ, 'ಇಂದು ಬಂದು ನಾಳೆ ಹೋಗುವುದು' ಎಂಬುದನ್ನೇ ಬಾಳುವೆ ಮಾಡಿಕೊಂಡಿರುವ ಒಂದು ಜನವನ್ನು ನೋಡೋಣ. ಇಂಗ್ಲೆಂಡಿನ ಕಾಲುವೆಗಳಲ್ಲಿ ದೋಣಿಯನ್ನೇ ಮನೆ ಮಾಡಿಕೊಂಡು ತೇಲುತ್ತಿರುವವರು ಅವರು. ನಾನು ಅಂಥ ದೋಣಿಯಲ್ಲಿ ಕಾಲಿಟ್ಟವನಲ್ಲ. ಅವರ ಕಟ್ಟುಕಟ್ಟಳೆಗಳನ್ನು ಓದಿ ತಿಳಿದವನು. ಓದುತ್ತ ಹೋದಂತೆ, ಅವರು ಹೊಸಬರಿಗೆ ಹೇಳಿಕೊಡುವ ಸಣ್ಣಪುಟ್ಟ ಉಪಾಯಗಳಲ್ಲಿ ನಮ್ಮ ಪ್ರಶ್ನೆಗೆ ಉತ್ತರ ಇದೆಯೆಂದು ತೋರಿತು.

ಆ ದೋಣಿಗೆ 'ನ್ಯಾರೋಬೋಟ್' ಎಂದು ಹೆಸರು. ಕಿರಿದಾದ ದೋಣಿ ಎಂದರ್ಥ. ಅಗಲ 7 ಅಡಿಗೂ ಒಂದೆರಡು ಅಂಗುಲ ಕಡಿಮೆ; ಉದ್ದ ಮಾತ್ರ 70 ಅಡಿಯವರೆಗೂ ಇರಬಹುದು. ಈ ವಿಚಿತ್ರ ಅಳತೆಗೆ ಕಾರಣ ಜೇಮ್ಸ್ ಬ್ರಿಂಡ್ಲಿ ಎಂಬ ಎಂಜಿನಿಯರು. 1766ರಲ್ಲಿ ಆರಂಭವಾಗಿ 1777ರಲ್ಲಿ ಮುಗಿದ ಟ್ರೆಂಟ್ ಮತ್ತು ಮರ್ಸಿ ಕಾಲುವೆಗೆ ಅವನು ಖರ್ಚನ್ನೂ ನೀರನ್ನೂ ಉಳಿಸಲೆಂದು ಸುಮಾರು 72 ಅಡಿ ಉದ್ದ, 7 ಅಡಿ ಅಗಲದ ನೀರಿನ ಮೆಟ್ಟಿಲುಗಳನ್ನು ಕಟ್ಟಿಸಿದ. ಅವುಗಳಲ್ಲಿ ಹಿಡಿಸುವಂತೆ ದೋಣಿಗಳು ಆದವು. ಆಗ ಅವು ಕಲ್ಲಿದ್ದಲು, ಜೇಡಿಮಣ್ಣು ಹೊತ್ತು ಕುದುರೆಯ ಎಳೆತದಿಂದ ಸಾಗುತ್ತಿದ್ದವು. ರೈಲು ಬಂದು ಬಾಡಿಗೆ ಕುಸಿದಾಗ ದೋಣಿಯವರು ದಡದ ಮನೆಯನ್ನು ಬಿಟ್ಟು ಹೆಂಡಿರು ಮಕ್ಕಳನ್ನೂ ಹತ್ತಿಸಿಕೊಂಡರು. ಸುಮಾರು 10 ಅಡಿ ಉದ್ದದ ಹಿಂಬದಿಯ ಕೋಣೆಯಲ್ಲಿ ಇಡೀ ಸಂಸಾರ! ಸರಕು ಸಾಗಾಣಿಕೆ ಕ್ಷೀಣಿಸಿ, 1962-63ರ ಚಳಿಗಾಲದಲ್ಲಿ ಕಾಲುವೆಗಳು ವಾರಗಟ್ಟಲೆ ಹೆಪ್ಪುಗಟ್ಟಿದ ಮೇಲೆ ಬಹುಮಟ್ಟಿಗೆ ನಿಂತೇಹೋಯಿತು. ಇಂದು ಆ ಕಾಲುವೆಗಳಲ್ಲಿ ಓಡಾಡುವವು ಉಕ್ಕಿನ ದೋಣಿಗಳು, ಡೀಸೆಲ್ ಯಂತ್ರದವು. ಇಂಗ್ಲೆಂಡು ಮತ್ತು ವೇಲ್ಸಿನ ಸುಮಾರು 2000 ಮೈಲಿ ಜಲಮಾರ್ಗವನ್ನು 2012ರಿಂದ ಒಂದು ಧರ್ಮದತ್ತಿ ಸಂಸ್ಥೆ ನೋಡಿಕೊಳ್ಳುತ್ತಿದೆ. ಅಲ್ಲಿಯ ಮೂವತ್ತು ಸಾವಿರಕ್ಕೂ ಹೆಚ್ಚಿನ ದೋಣಿಗಳಲ್ಲಿ ಸಾವಿರಾರಕ್ಕೆ ಕಟ್ಟಿಹಾಕುವ ಸ್ವಂತ ಜಾಗವೇ ಇಲ್ಲ. ಅವು ಸದಾ ಸಂಚಾರಿಗಳು.

ಅಂಥ ಮನೆಯಲ್ಲಿ ಬಾಳುವುದು ಹೇಗೆ? ಮೊದಲನೆಯದು ನೀರು. ದೋಣಿಯ ಮೂಗಿನಲ್ಲಿ ಒಂದು ಟ್ಯಾಂಕು. 500 ಲೀಟರು ಹಿಡಿಯುತ್ತದೆ ಎನ್ನೋಣ. ಮುಂದಿನ ನಲ್ಲಿ ಎಲ್ಲಿದೆಯೆಂದು ನಕ್ಷೆ ನೋಡಿ, ಅಲ್ಲಿಯವರೆಗೆ ತೂಗಿಸಿಕೊಂಡು ಹೋಗಬೇಕು. ಎರಡನೆಯದು ಮಲ. ಪೆಟ್ಟಿಗೆಯಲ್ಲೋ ತೊಟ್ಟಿಯಲ್ಲೋ ಅದು ಶೇಖರವಾಗುತ್ತದೆ. ಅದಕ್ಕೆಂದೇ ಇರುವ ಕಟ್ಟೆಯವರೆಗೆ ಒಯ್ದು ತಾನೇ ಬರಿದು ಮಾಡಬೇಕು. ಕಾಲುವೆಗೆ ಸುರಿಯುವಂತಿಲ್ಲ. ಮೂರನೆಯದು ವಿದ್ಯುತ್ತು. ಸೀಸ-ಆಮ್ಲದ ಬ್ಯಾಟರಿಯಾದರೆ ಅರ್ಧಕ್ಕಿಂತ ಕೆಳಗೆ ಇಳಿಯಗೊಡಬಾರದು, ಆಯುಸ್ಸು ಕುಗ್ಗುತ್ತದೆ. ಚಾವಣಿಯ ಸೌರಫಲಕ ಬೇಸಗೆಯಲ್ಲಿ ಕೈಹಿಡಿಯುತ್ತದೆ. ಚಳಿಗಾಲದಲ್ಲಿ ಯಂತ್ರ ಓಡಿಸಿಯೇ ತುಂಬಿಕೊಳ್ಳಬೇಕು. ನಾಲ್ಕನೆಯದು ಬೆಂಕಿ. ಕಲ್ಲಿದ್ದಲಿನ ಒಲೆ ಹೊತ್ತಿಸಿದಾಗ ಚಳಿಗಾಳಿ ಬರುತ್ತದೆಂದು ಗಾಳಿಕಿಂಡಿಗಳನ್ನು ಮುಚ್ಚಬಾರದು. ಆಮ್ಲಜನಕ ಸಾಲದೆ ಹುಟ್ಟುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವನು ಏಳುವುದಿಲ್ಲ. ಆದ್ದರಿಂದ ವಾಸದ ದೋಣಿಗಳಲ್ಲಿ ಅದನ್ನು ಪತ್ತೆಹಚ್ಚುವ ಗಂಟೆ ಇರಲೇಬೇಕೆಂದು 2019ರಿಂದ ನಿಯಮವಾಗಿದೆ. ಐದನೆಯದು ದೋಣಿಯ ಮೈ. ಎರಡು ಮೂರು ವರ್ಷಕ್ಕೊಮ್ಮೆ ನೀರಿನಿಂದ ಮೇಲೆತ್ತಿ ತಳಕ್ಕೆ ಕಪ್ಪು ಬಳಿಯಬೇಕು. ತಿರುಗುವ ರೆಕ್ಕೆಗೆ ಸಿಕ್ಕಿದ ಕಸವನ್ನು ಕೀಳಲು ಹಿಂಬದಿಯಲ್ಲಿ ಒಂದು ಕಿಂಡಿ ಇರುತ್ತದೆ. ಕೆಲಸ ಮುಗಿದ ಮೇಲೆ ಅದರ ಮುಚ್ಚಳವನ್ನು ಬಿಗಿಯಾಗಿ ಹಾಕದೆ ಯಂತ್ರ ಓಡಿಸಿದರೆ ನೀರು ನುಗ್ಗಿ ದೋಣಿ ಮುಳುಗುತ್ತದೆ.

ಇದನ್ನೆಲ್ಲ ಓದಿ ನಮ್ಮ ಗೃಹಿಣಿಯರು ನಕ್ಕಾರು. ಮುಂಬಯಿಯ ಚಾಳಿನಲ್ಲಿ ಒಂದೇ ಕೋಣೆಯಲ್ಲಿ ಸಂಸಾರ ಮಾಡಿದವರಿಗೆ, 2019ರ ಬೇಸಗೆಯಲ್ಲಿ ಮದರಾಸಿನಲ್ಲಿ ಟ್ಯಾಂಕರಿಗಾಗಿ ಕೊಡ ಹಿಡಿದು ಕಾದವರಿಗೆ, ಬಿಂದಿಗೆಯ ಲೆಕ್ಕವನ್ನು ಇಂಗ್ಲಿಷಿನವರು ಕಲಿಸಬೇಕಾಗಿಲ್ಲ. ನಿಜ. ಇದುವರೆಗೆ ಹೇಳಿದ್ದರಲ್ಲಿ ಜಾಣತನವಿದೆ. ನೀತಿ ಇನ್ನೂ ಬಂದಿಲ್ಲ. ನನ್ನ ಟ್ಯಾಂಕಿನ ನೀರನ್ನು ನಾನು ಉಳಿಸಿದರೆ ಅದು ನನಗೇ ಒದಗುತ್ತದೆ. ಕಿಂಡಿಯನ್ನು ಮುಚ್ಚದಿದ್ದರೆ ಮುಳುಗುವವನು ನಾನೇ. ಹಾಸಿಗೆ ಇದ್ದಷ್ಟು ಕಾಲು ಚಾಚುವುದು ವಿವೇಕವೆಂದು ಎಲ್ಲರೂ ಒಪ್ಪುತ್ತಾರೆ. ಪಕ್ಕದವನ ಹಾಸಿಗೆಯ ಮಾತು ಬಂದಾಗಲೇ ಧರ್ಮದ ಪ್ರಶ್ನೆ ಏಳುವುದು. ದೋಣಿಯ ಹಗ್ಗ ಬಿಚ್ಚಿದ ಕೂಡಲೆ ಅದು ಏಳುತ್ತದೆ.

ಕಾಲುವೆಯಲ್ಲಿ ವೇಗದ ಮಿತಿ ಗಂಟೆಗೆ 4 ಮೈಲಿ, ಚುರುಕಾಗಿ ನಡೆಯುವವನ ವೇಗ. ದಡಕ್ಕೆ ಕಟ್ಟಿದ ದೋಣಿಗಳ ಪಕ್ಕದಲ್ಲಿ ಹಾದು ಹೋಗುವಾಗ ಅದಕ್ಕಿಂತಲೂ ಬಹಳ ನಿಧಾನಿಸಬೇಕು. ಯಂತ್ರ ಉಸಿರಾಡಿದರೆ ಸಾಕು ಎನ್ನುವಷ್ಟು. ಏಕೆಂದರೆ ಹದಿನೈದು ಟನ್ನಿಗೂ ಮಿಕ್ಕ ದೋಣಿ ಇಕ್ಕಟ್ಟಾದ ಕಾಲುವೆಯಲ್ಲಿ ಸಾಗುವಾಗ ಪಕ್ಕದ ನೀರನ್ನು ತನ್ನತ್ತ ಸೆಳೆಯುತ್ತದೆ. ಕಟ್ಟಿದ ದೋಣಿ ಹಗ್ಗ ಜಗ್ಗಿ ಮುಂದಕ್ಕೂ ಹಿಂದಕ್ಕೂ ತೂಗುತ್ತದೆ, ನೆಲಕ್ಕೆ ಹೊಡೆದ ಗೂಟ ಸಡಿಲವಾಗುತ್ತದೆ, ಒಳಗೆ ಒಲೆಯ ಮೇಲಿದ್ದ ಬಿಸಿನೀರು ಚೆಲ್ಲುತ್ತದೆ. ಯಾರ ಕೈ ಸುಟ್ಟಿತೆಂಬುದು ಚುಕ್ಕಾಣಿ ಹಿಡಿದವನಿಗೆ ತಿಳಿಯುವುದೇ ಇಲ್ಲ. ಅವನು ಅಷ್ಟರಲ್ಲಿ ತಿರುವು ದಾಟಿರುತ್ತಾನೆ.

ಇನ್ನು ನೀರಿನ ಮೆಟ್ಟಿಲು. ಅವರು ಅದನ್ನು 'ಲಾಕ್' ಎನ್ನುತ್ತಾರೆ. ಗುಡ್ಡದ ನಾಡಿನಲ್ಲಿ ಕಾಲುವೆ ಏರಿ ಇಳಿಯಬೇಕಲ್ಲ. ಅದಕ್ಕಾಗಿ ದೋಣಿಯೊಂದು ಹಿಡಿಸುವಷ್ಟು ಇಟ್ಟಿಗೆಯ ತೊಟ್ಟಿ. ಮೇಲೊಂದು, ಕೆಳಗೊಂದು ಮರದ ಕದ. ಕದಗಳ ಬಳಿ ನೀರು ಬಿಡುವ ಚಿಕ್ಕ ತೂಬುಗಳು. ಮೇಲಿನ ತೂಬು ತೆರೆದರೆ ತೊಟ್ಟಿ ತುಂಬಿ ದೋಣಿ ಏರುತ್ತದೆ. ಕೆಳಗಿನದನ್ನು ತೆರೆದರೆ ಬರಿದಾಗಿ ಇಳಿಯುತ್ತದೆ. ಪಂಪಿಲ್ಲ, ಮೋಟರಿಲ್ಲ, ಗುರುತ್ವಾಕರ್ಷಣೆಯೊಂದೇ ಆಳು. ವೂಸ್ಟರ್-ಬರ್ಮಿಂಗ್‌ಹ್ಯಾಂ ಕಾಲುವೆಯ ಟಾರ್ಡಿಬಿಗ್ ಎಂಬಲ್ಲಿ ಇಂಥ 30 ಮೆಟ್ಟಿಲುಗಳು ಒಂದಾದ ಮೇಲೊಂದು ನಿಂತು ದೋಣಿಯನ್ನು ಸುಮಾರು 220 ಅಡಿ ಎತ್ತುತ್ತವೆ. ಇದನ್ನೆಲ್ಲ ನಡೆಸುವವನು ಸಾಮಾನ್ಯವಾಗಿ ದೋಣಿಯವನೇ. ಕೈಯಲ್ಲೊಂದು ಕಬ್ಬಿಣದ ತಿರುಗುಹಿಡಿ.

ಇಲ್ಲಿಯೂ ಸ್ವಂತ ರಕ್ಷಣೆಯ ಸೂಚನೆಗಳಿವೆ. ಇಳಿಯುವಾಗ ದೋಣಿಯ ಹಿಂಬದಿ ಮೇಲಿನ ಕದದ ಕೆಳಗಿರುವ ಕಲ್ಲಿನ ಹೊಸ್ತಿಲ ಮೇಲೆ ಕೂರದಂತೆ ಮುಂದೆ ನಿಲ್ಲಿಸಿಕೊಳ್ಳಬೇಕು. ಕೂತರೆ ನೀರು ಇಳಿದಂತೆ ಮೂಗು ಕೆಳಗಾಗಿ ದೋಣಿ ಮಗುಚುತ್ತದೆ. ಹಗ್ಗವನ್ನು ಗಂಟು ಹಾಕದೆ ಕೈಯಲ್ಲಿ ಸಡಿಲ ಬಿಡುತ್ತಿರಬೇಕು. ಏನಾದರೂ ತಪ್ಪಿದರೆ ಮೊದಲು ಕೆಳಗಿನ ತೂಬುಗಳನ್ನು ಮುಚ್ಚಬೇಕು. ಇವು ಜಾಣತನದ ಮಾತುಗಳೇ.

ಈಗ ಇನ್ನೆರಡು ಸೂಚನೆ ನೋಡಿ. ಒಂದು: ಲಾಕ್ ನಿಮಗೆ ಪ್ರತಿಕೂಲವಾಗಿದ್ದು, ಆಚೆಯಿಂದ ಮತ್ತೊಂದು ದೋಣಿ ಬರುತ್ತಿದ್ದರೆ ಕಾಯಿರಿ, ನೀರನ್ನು ಬರಿದಾಗಿ ತಿರುಗಿಸಬೇಡಿ. ಎರಡು: ಹೊರಬಿದ್ದ ಮೇಲೆ, ಹಿಂದೆ ಯಾರೂ ಬರುತ್ತಿಲ್ಲವೆಂದಾದರೆ, ಎಲ್ಲ ಕದಗಳನ್ನೂ ತೂಬುಗಳನ್ನೂ ಮುಚ್ಚಿ ಹೋಗಿರಿ.

ಮೊದಲನೆಯದರ ಲೆಕ್ಕ ಹಾಕೋಣ. ತೊಟ್ಟಿಯ ಉದ್ದ 22 ಮೀಟರು, ಅಗಲ 2.1 ಮೀಟರು, ನೀರು ಇಳಿಯುವ ಎತ್ತರ 2.1 ಮೀಟರು ಎಂದಿಟ್ಟುಕೊಂಡರೆ 97 ಘನ ಮೀಟರು, ಅಂದರೆ 97 ಸಾವಿರ ಲೀಟರು. ಬೆಟ್ಟದ ಮೇಲಿನ ಜಲಾಶಯದಿಂದ ಬಂದ ನೀರು ಅದು. ಒಂದು ದೋಣಿ ಇಳಿದು ಅದೇ ಬರಿದಾದ ತೊಟ್ಟಿಯಲ್ಲಿ ಇನ್ನೊಂದು ಏರಿದರೆ, ಒಂದೇ ತುಂಬಿನಲ್ಲಿ ಇಬ್ಬರ ಕೆಲಸ ಆಗುತ್ತದೆ. ಹತ್ತು ನಿಮಿಷ ಕಾಯಲಾರದೆ ತಿರುಗಿಸಿಕೊಂಡವನು ಸುಮಾರು ಇನ್ನೂರು ಟ್ಯಾಂಕು ನೀರನ್ನು ವ್ಯರ್ಥವಾಗಿ ಇಳಿಸಿದ ಹಾಗಾಯಿತು. ಸ್ನಾನಕ್ಕೆ ಚೊಂಬಿನ ಲೆಕ್ಕ ಇಡುವವನೇ ಇವನು! ತನ್ನ ಟ್ಯಾಂಕಿನಲ್ಲಿ ಮಿತವ್ಯಯಿಯಾದವನು ಎಲ್ಲರ ಕಾಲುವೆಯಲ್ಲಿ ದುಂದುಗಾರನಾಗುವುದು ಅಷ್ಟು ಸುಲಭ. ಮನೆಯ ದೀಪ ಆರಿಸುವವರು ಕಚೇರಿಯ ಪಂಖವನ್ನು ತಿರುಗುತ್ತ ಬಿಟ್ಟು ಹೋಗುವುದನ್ನು ನಾನು ದಿನವೂ ಕಾಣುತ್ತೇನೆ.

ಎರಡನೆಯದು ಇನ್ನೂ ಗಂಭೀರ. ಹಳೆಯ ಮರದ ಕದಗಳು ಸೋರುತ್ತವೆ. ಒಂದು ತುದಿಯ ತೂಬು ತೆರೆದೇ ಉಳಿದು, ಇನ್ನೊಂದು ತುದಿಯ ಕದ ಸೋರುತ್ತಿದ್ದರೆ, ರಾತ್ರಿಯೆಲ್ಲ ನೀರು ಹರಿದು ಮೇಲಿನ ಕಾಲುವೆಯ ತುಂಡು ಬರಿದಾಗುತ್ತದೆ. ಅಲ್ಲಿ ಕಟ್ಟಿದ್ದ ದೋಣಿ ಬೆಳಗಾಗುವಷ್ಟರಲ್ಲಿ ಕೆಸರಿನಲ್ಲಿ ವಾಲಿ ಕೂತಿರುತ್ತದೆ. ಒಳಗೆ ಮುದುಕರಿರಬಹುದು, ಹಸುಗೂಸು ಇರಬಹುದು. ತೂಬು ಮುಚ್ಚದೆ ಹೋದವನು ಆಗ ಏಳೆಂಟು ಮೈಲಿ ದೂರದಲ್ಲಿ ಚಹಾ ಕುಡಿಯುತ್ತಿರುತ್ತಾನೆ. ಅವನನ್ನು ಯಾರೂ ಹಿಡಿಯಲಾರರು. ಅದಕ್ಕಿಂತ ಹೆಚ್ಚಾಗಿ, ತನ್ನಿಂದ ಇಂಥದೊಂದು ನಡೆಯಿತೆಂದು ಅವನಿಗೂ ಎಂದೂ ತಿಳಿಯುವುದಿಲ್ಲ.

ನೆಲೆನಿಂತವನ ನೀತಿಗೆ ನೂರು ಆಸರೆಗಳಿವೆ. ನೆರೆಯವನು ನಾಳೆ ಮುಖ ನೋಡುತ್ತಾನೆ, ಮಗಳ ಮದುವೆಗೆ ಬರಬೇಕಾದವನು, ಸತ್ತರೆ ಹೆಣಕ್ಕೆ ಹೆಗಲು ಕೊಡಬೇಕಾದವನು. ಹಾಗಾಗಿ ಒಳ್ಳೆಯವನಾಗಿರುವುದು ಅನಿವಾರ್ಯ. ದಾರಿಹೋಕನಿಗೆ ಈ ಆಸರೆ ಒಂದೂ ಇಲ್ಲ. ಅವನು ಕದ ಮುಚ್ಚಿದರೆ ಯಾರೂ ಹೊಗಳುವುದಿಲ್ಲ, ಮುಚ್ಚದಿದ್ದರೆ ಯಾರೂ ಕೇಳುವುದಿಲ್ಲ. ಆದ್ದರಿಂದ ಮನುಷ್ಯನ ನೀತಿಯಲ್ಲಿ ಎಷ್ಟು ಅಂಶ ಭಯ, ಎಷ್ಟು ಅಂಶ ನಿಜವೆಂಬುದನ್ನು ತಿಳಿಯಬೇಕಾದರೆ ಅವನು ಊರು ಬಿಟ್ಟು ಹೊರಡುವ ದಿನ ಹೇಗೆ ನಡೆದುಕೊಂಡನೆಂದು ನೋಡಬೇಕು.

"ಇದೂ ಒಂದು ಕೊಡುಕೊಳೆಯ ವ್ಯವಹಾರವೇ ಅಲ್ಲವೆ? ನಾನು ಮುಚ್ಚಿದರೆ ಇನ್ನೊಬ್ಬರು ನನಗಾಗಿ ಮುಚ್ಚುತ್ತಾರೆ" ಎಂದು ಯಾರಾದರೂ ಕೇಳಬಹುದು. ಪೂರ್ತಿ ಹಾಗಲ್ಲ. ನನಗಾಗಿ ಕದ ಮುಚ್ಚಿದವನು ನನಗಿಂತ ಮುಂದೆ ಹೋದವನು. ನಾನು ಮುಚ್ಚುವುದು ನನ್ನ ಹಿಂದೆ ಬರುವವನಿಗಾಗಿ. ಕೊಟ್ಟವನಿಗೆ ನಾನು ಹಿಂತಿರುಗಿಸುತ್ತಿಲ್ಲ, ನನ್ನಿಂದ ಪಡೆದವನು ನನಗೆ ಹಿಂತಿರುಗಿಸುವುದಿಲ್ಲ. ಇದಕ್ಕೆ ನಮ್ಮ ಹಿರಿಯರ ಬಳಿ ಸರಿಯಾದ ಒಂದು ಮಾತಿತ್ತು: ಋಣ. ತಂದೆತಾಯಿಗಳ ಋಣವನ್ನು ಮಕ್ಕಳನ್ನು ಸಾಕಿ ತೀರಿಸುತ್ತೇವೆ. ಗುರುವಿನ ಋಣವನ್ನು ಇನ್ನೊಬ್ಬರಿಗೆ ಕಲಿಸಿ ತೀರಿಸುತ್ತೇವೆ. ಸಾಲ ಕೊಟ್ಟವನ ಹೆಸರಿಗೇ ಜಮಾ ಆಗಬೇಕಾದದ್ದು, ಋಣ ಹಾಗಲ್ಲ. ಯಾರೋ ನೆಟ್ಟ ಸಾಲುಮರದ ನೆರಳಲ್ಲಿ ನಡೆದವನಿಗೆ ನೆಟ್ಟವನು ಸಿಗುವುದಿಲ್ಲ.

ಇಲ್ಲಿಗೆ ಒಂದು ಬದಿಯನ್ನಷ್ಟೆ ಹೇಳಿದಂತಾಯಿತು. ದಾರಿಹೋಕನಿಗೆ ಊರಿನ ಹೊಣೆ ಉಂಟೆಂದರೆ, ಊರಿಗೂ ದಾರಿಹೋಕನ ಹೊಣೆ ಉಂಟಲ್ಲವೆ? ಇದರಲ್ಲಿ ಇಂಗ್ಲೆಂಡಿನ ಚರಿತ್ರೆ ಅಷ್ಟೇನೂ ಹೆಮ್ಮೆಯದಲ್ಲ. ಹಿಂದಿನ ದೋಣಿ ಸಂಸಾರಗಳ ಮಕ್ಕಳು ಯಾವ ಊರಿನವರೂ ಅಲ್ಲವೆಂದು ಯಾವ ಶಾಲೆಗೂ ಸೇರಲಿಲ್ಲ. ಜಾರ್ಜ್ ಸ್ಮಿತ್ ಎಂಬ ಸುಧಾರಕನ ಹೋರಾಟದಿಂದ 1877ರಲ್ಲಿ ಒಂದು ಕಾಯಿದೆ ಬಂದಿತು. ವಾಸದ ದೋಣಿಯನ್ನು ಒಂದು ಊರಿನಲ್ಲಿ ನೋಂದಾಯಿಸಬೇಕು, ಅದರಲ್ಲಿ ಎಷ್ಟು ಜನ ಇರಬಹುದೆಂದು ಗೊತ್ತುಮಾಡಬೇಕು, ದೋಣಿಯ ಮಕ್ಕಳು ಶಿಕ್ಷಣದ ಮಟ್ಟಿಗೆ ಆ ಊರಿನವರೆಂದೇ ಎಣಿಸಬೇಕು. 1884ರಲ್ಲಿ ತಿದ್ದುಪಡಿ ಮಾಡಿ ತಪಾಸಣೆಯನ್ನು ಬಿಗಿಗೊಳಿಸಿದರು. ಆದರೂ ದೋಣಿ ನಡೆಯುತ್ತಲೇ ಇತ್ತು. ಇಲ್ಲಿ ಎರಡು ದಿನ, ಅಲ್ಲಿ ಮೂರು ದಿನ ಪಾಠವಾದ ಮಕ್ಕಳು ಇಪ್ಪತ್ತನೆಯ ಶತಮಾನದಲ್ಲೂ ಓದು ಬರಹ ಅರಿಯದೆ ಬೆಳೆದರು.

ಇಂದಿನ ಜಗಳ ಬೇರೆ ಬಗೆಯದು. 1995ರ ಕಾಯಿದೆಯ ಪ್ರಕಾರ, ಕಟ್ಟಿಹಾಕಲು ಸ್ವಂತ ಜಾಗವಿಲ್ಲದ ದೋಣಿಯನ್ನು ಪ್ರಾಮಾಣಿಕವಾಗಿ ಸಂಚಾರಕ್ಕೇ ಬಳಸಬೇಕು. ಒಂದೇ ಸ್ಥಳದಲ್ಲಿ ಎಡೆಬಿಡದೆ 14 ದಿನಕ್ಕಿಂತ ಹೆಚ್ಚು ನಿಲ್ಲುವಂತಿಲ್ಲ. ಮನೆಬಾಡಿಗೆ ಏರಿದಂತೆಲ್ಲ ದೋಣಿ ಹತ್ತಿದವರು ಹೆಚ್ಚಿ, ಲಂಡನ್ನಿನ ಕಾಲುವೆಯ ದಡದಲ್ಲಿ ಜಾಗಕ್ಕೆ ನೂಕುನುಗ್ಗಲು. ಹೊಗೆ, ಯಂತ್ರದ ಸದ್ದು ಎಂದು ದಡದ ಮನೆಯವರ ದೂರು; ನೌಕರಿ, ಮಕ್ಕಳ ಶಾಲೆ ಬಿಟ್ಟು ಎಷ್ಟು ದೂರ ಹೋಗುವುದೆಂದು ದೋಣಿಯವರ ಅಳಲು. 2024ರಿಂದ ಇಂಥ ದೋಣಿಗಳಿಗೆ ಹೆಚ್ಚುವರಿ ಶುಲ್ಕ ಬಂದು ಅಸಮಾಧಾನ ಬೆಳೆದಿದೆ. ಇಬ್ಬರ ಮಾತಿನಲ್ಲೂ ನ್ಯಾಯವಿದೆ. ದಡ ಎಲ್ಲರದು; ಒಬ್ಬ ಅಲ್ಲೇ ಬೇರುಬಿಟ್ಟರೆ ಮುಂದೆ ಬರುವವನಿಗೆ ಎಡೆಯಿಲ್ಲ. ಆದರೆ ಮನುಷ್ಯನನ್ನು ಹದಿನಾಲ್ಕು ದಿನಕ್ಕೊಮ್ಮೆ ಎಬ್ಬಿಸುತ್ತ ಹೋದರೆ ಅವನು ನೆರೆಹೊರೆಯನ್ನು ಕಟ್ಟಿಕೊಳ್ಳುವುದು ಹೇಗೆ? ಆ ಕಾಯಿದೆಯಲ್ಲಿ ನನಗೆ ಮೆಚ್ಚಿಗೆಯಾದದ್ದು ಹದಿನಾಲ್ಕು ದಿನದ ಬೆನ್ನಿಗೇ ಬರುವ ಸಣ್ಣ ಸೇರ್ಪಡೆ: ಸಂದರ್ಭಕ್ಕೆ ನ್ಯಾಯವೆನಿಸಿದರೆ ಇನ್ನೂ ಹೆಚ್ಚು ದಿನ ನಿಲ್ಲಬಹುದು. ಕಾಯಿಲೆ, ಹೆಪ್ಪುಗಟ್ಟಿದ ನೀರು, ಕೆಟ್ಟ ಯಂತ್ರ ಇವಕ್ಕೆಲ್ಲ ಅದರಲ್ಲಿ ಎಡೆಯುಂಟು. ನಿಯಮಾವಳಿಗಳ ನಡುವೆಯೇ ಹೊಟ್ಟೆ ಹೊರೆಯುವ ನನ್ನಂಥ ಗುಮಾಸ್ತೆಗೆ ಇಂಥ ಒಂದು ವಾಕ್ಯದ ಬೆಲೆ ಗೊತ್ತು. ಅದನ್ನು ಉದಾರವಾಗಿ ಓದುವ ಅಧಿಕಾರಿ ಸಿಕ್ಕರೆ ಒಂದು ಸಂಸಾರ ಉಳಿಯುತ್ತದೆ.

ಇನ್ನು ನಮ್ಮ ಕಡೆ ತಿರುಗೋಣ. ಸರ್ಕಾರಿ ವಸತಿ ಬಿಡುವಾಗ 'ಬಾಕಿ ಇಲ್ಲ' ಎಂಬ ಪತ್ರ ತೆಗೆದುಕೊಳ್ಳುತ್ತೇವೆ. ಬಲ್ಬು, ಪಂಖ, ಕಿಟಕಿಯ ಗಾಜು ಎಲ್ಲ ಸರಿಯಿದೆಯೆಂದು ಅದರ ಅರ್ಥ. ಆ ಓಣಿಗೆ, ಆ ಊರಿಗೆ ನಮ್ಮಿಂದ ಏನೂ ಬಾಕಿ ಇಲ್ಲವೆಂದು ಬರೆದುಕೊಡುವವರು ಯಾರು? ಇಪ್ಪತ್ತು ವರ್ಷ ಪುಣೆಯಲ್ಲಿದ್ದು ಮರಾಠಿಯಲ್ಲಿ ತರಕಾರಿ ಚೌಕಾಸಿಗಿಂತ ಮುಂದೆ ಹೋಗದಿರುವುದು, ಹೈದರಾಬಾದಿನಲ್ಲಿ ಮನೆ ಮಾಡಿ ವಾರ್ಡಿನ ಹೆಸರು ತಿಳಿಯದಿರುವುದು, ಮಹಡಿಯ ತೊಟ್ಟಿ ತುಂಬಿ ಸುರಿಯುತ್ತಿದ್ದರೆ "ಕಾವಲುಗಾರ ನೋಡುತ್ತಾನೆ" ಎಂದು ಬಾಗಿಲು ಹಾಕಿಕೊಳ್ಳುವುದು, ಇವೆಲ್ಲ ತೆರೆದು ಬಿಟ್ಟ ತೂಬುಗಳೇ.

ಮತದಾನದ ಮಾತೊಂದನ್ನು ಹೇಳಿಬಿಡುತ್ತೇನೆ. ಓಟು ಮಾತ್ರ ಊರಿನಲ್ಲೇ ಇರಲಿ ಎಂಬ ಮಮತೆ ನಮ್ಮಲ್ಲಿ ಹಲವರಿಗಿದೆ. ನಮ್ಮ ದೇಶದ 1950ರ ಪ್ರಜಾಪ್ರತಿನಿಧಿತ್ವ ಕಾಯಿದೆಯು ಒಬ್ಬನ ಹೆಸರು ಒಂದೇ ಕ್ಷೇತ್ರದಲ್ಲಿ, ಅವನು ಸಾಮಾನ್ಯವಾಗಿ ವಾಸಿಸುವಲ್ಲಿ, ಇರಬೇಕೆನ್ನುತ್ತದೆ. ಊರಿನಲ್ಲಿ ಮನೆಯಿದೆ ಎಂಬ ಒಂದೇ ಕಾರಣಕ್ಕೆ ಅಲ್ಲಿಯ ವಾಸಿ ಆಗುವುದಿಲ್ಲವೆಂದೂ ಸ್ಪಷ್ಟವಾಗಿ ಹೇಳುತ್ತದೆ. ಬ್ರಿಟನ್ನಿನಲ್ಲಿ ದೋಣಿಯವನೂ ತನಗೆ ಸಂಬಂಧವಿರುವ ಒಂದು ಸ್ಥಳವನ್ನು ಘೋಷಿಸಿ ಮತದಾರನಾಗಬಹುದು. ನಾವಾದರೋ ಗಟ್ಟಿ ಗೋಡೆಯ ಮನೆಯಲ್ಲಿದ್ದೂ, ಬಾಡಿಗೆಯದೇ ಆಗಲಿ, ನೀರು ಕೊಡುವ ಊರಿನ ಪಟ್ಟಿಯಲ್ಲಿ ಹೆಸರಿಲ್ಲದೆ ಇರುತ್ತೇವೆ.

ಇದರ ಪೆಟ್ಟು ನಿಜವಾಗಿ ಬೀಳುವುದು ಮಕ್ಕಳ ಮೇಲೆ. "ಇದು ನಮ್ಮ ಊರಲ್ಲ" ಎಂದು ನಾವು ಹೇಳುವಾಗ ಅದರ ಹಿಂದೆ ನಮಗೊಂದು ಊರಿದೆ. ಅದರ ಕೆರೆ, ಗುಡಿ, ಜಾತ್ರೆ ನೆನಪಿನಲ್ಲಿದೆ. ಇಲ್ಲಿಯೇ ಹುಟ್ಟಿದ ಮಗುವಿಗೆ ಇರುವುದು ಇದೊಂದೇ ಊರು. ಅದನ್ನೂ ನಿನ್ನದಲ್ಲವೆಂದು ದಿನವೂ ಹೇಳಿದರೆ ಅದಕ್ಕೆ ಉಳಿಯುವುದೇನು? ಕನ್ನಡವನ್ನು ಮನೆಯಲ್ಲಿ ಖಂಡಿತ ಉಳಿಸಿಕೊಳ್ಳೋಣ. ಸಂಘದ ಕಾರ್ಯಕ್ರಮಕ್ಕೆ ಮಕ್ಕಳನ್ನು ಕರೆತರೋಣ. ಹಾಗೆಯೆ ಮುಂದಿನ ಭಾನುವಾರ ಕಟ್ಟಡದ ಸಭೆ ಇದ್ದರೆ ಅಲ್ಲಿಗೂ ಅವರ ಕೈಹಿಡಿದು ಹೋಗೋಣ. ಮಾತು ತಡವರಿಸಿದರೂ ಚಿಂತೆಯಿಲ್ಲ. ಅಪ್ಪ ಅಮ್ಮ ಈ ಊರಿನ ಒಂದು ಕದಕ್ಕೆ ಕೈಹಚ್ಚಿದ್ದನ್ನು ಅವರು ಕಣ್ಣಾರೆ ಕಂಡಿದ್ದರೆ ಸಾಕು. ವರ್ಗವಾಗಿ ಹೊರಡುವ ದಿನ ಬಂದಾಗ, ನಮ್ಮ ನಂತರ ಆ ಮನೆಗೆ ಬರುವವರು ಯಾರೆಂದು ನಮಗೆ ತಿಳಿದಿರುವುದಿಲ್ಲ. ಅವರಿಗಾಗಿ ಒಂದು ಬಿಂದಿಗೆ ನೀರು ತುಂಬಿಸಿಟ್ಟು, ಸೋರುವ ನಲ್ಲಿಯನ್ನು ರಿಪೇರಿ ಮಾಡಿಸಿ, ಹಾಲಿನವನಿಗೂ ಪಕ್ಕದ ಮನೆಯವರಿಗೂ ಒಂದು ಮಾತು ಹೇಳಿ ಹೊರಡೋಣ.